ದೊಡ್ಡಪ್ಪನ ಭಾಗವತಿಕೆ ಇರೋ 1.4 ಜಿಬಿ ಫೈಲು

ಸಾಗರದ ಹತ್ರ ನಮ್ಮೂರ ಮನೇಲಿ, ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೇಲಿ, ಅಮ್ಮ ಹಳೇ ಪಂಚಾಂಗ ಮತ್ತೆ ಬ್ಯಾಂಕ್ ಪಾಸ್‌ಬುಕ್ ಇಡೋ ಜಾಗದ ಪಕ್ಕ ಅಂಗೈ ಅಗಲದ ಒಂದು ಕಂಪ್ಯೂಟರ್ ಇದೆ. ರಾಸ್ಪ್‌ಬೆರಿ ಪೈ. ಅದಕ್ಕೊಂದು ಡಿಶ್ ಟ್ಯೂನರ್ರು, ಒಂದು ಹಾರ್ಡ್ ಡಿಸ್ಕು. ಅಪ್ಪ ಅದನ್ನ "ಹಿಡಿಯೋ ಡಬ್ಬಿ" ಅಂತಾರೆ, ಟಿವಿನಲ್ಲಿ ಬರೋದನ್ನ ಹಿಡಿದಿಡತ್ತೆ ಅಂತ. ಬೆಳಿಗ್ಗೆ ಫೋನ್ ಮಾಡಿದ್ರೆ ತಿಂಡಿ ಆಯ್ತಾ ಅನ್ನೋಕೂ ಮುಂಚೆ "ನಿನ್ನೇದು ಹಿಡಿದಿದೆ ಮಾರಾಯ" ಅಂತಾರೆ, ಇಲ್ಲಾಂದ್ರೆ "ನಿನ್ನೆ ಹಿಡೀಲಿಲ್ಲ, ಮಳೆ" ಅಂತಾರೆ. ನಾನು ಈ ಕೆಲಸ ಶುರು ಮಾಡಿ ಹತ್ತಿರತ್ರ ಇಪ್ಪತ್ತು ವರ್ಷ ಆಯ್ತು, ಇದ್ರ ಬಗ್ಗೆ ಒಂದ್ಸಲನಾದ್ರೂ ಕೂತು ಪೂರ್ತಿ ಬರೀಬೇಕು ಅಂತಿತ್ತು, ಬರೀತಿದೀನಿ.

ಶುರುವಾಗಿದ್ದು 'ಥಟ್ ಅಂತ ಹೇಳಿ' ಇಂದ. ಚಂದನದಲ್ಲಿ 2002ರಿಂದ ಬರ್ತಿರೋ ಕ್ವಿಜ್ಜು, ಡಾ. ನಾ. ಸೋಮೇಶ್ವರ ಅವ್ರು ನಡೆಸೋದು, ಸರಿ ಉತ್ತರ ಹೇಳಿದವ್ರಿಗೆ ಕನ್ನಡ ಪುಸ್ತಕ ಕೊಡ್ತಾರೆ. ಅಪ್ಪಂಗೆ ಅದು ಊಟಕ್ಕಿಂತ ಮುಖ್ಯ. ಟಿವಿ ಮುಂದೆ ಕೂತು ಆಟಗಾರರಿಗಿಂತ ಮುಂಚೆ ತಾವೇ ಉತ್ತರ ಹೇಳ್ಬೇಕು, ಅಮ್ಮ ಲೆಕ್ಕ ಇಡ್ಬೇಕು. ಆದ್ರೆ 2006ರ ಹೊತ್ತಿಗೆ ನಮ್ಮೂರಲ್ಲಿ ಸಂಜೆ ಆದ್ರೆ ಕರೆಂಟಿನ ಗ್ಯಾರಂಟಿ ಇರ್ಲಿಲ್ಲ, ಪ್ರಶ್ನೆ ಕೇಳಿ ಮುಗಿಯೋ ಹೊತ್ತಿಗೆ ಲೈಟು ಹೋಗೋದು, ಉತ್ತರ ಏನಾಯ್ತು ಅಂತ ಗೊತ್ತೇ ಆಗ್ತಿರ್ಲಿಲ್ಲ. ನಾನಾಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ. ಒಂದಿನ ಅಪ್ಪ ಫೋನಲ್ಲಿ ಬಹಳ ಸಂಕೋಚದಿಂದ ಕೇಳಿದ್ರು, "ನಿಂಗೆ ಪುರುಸೊತ್ತಾದಾಗ ಆ ಪ್ರಶ್ನೆ ಉತ್ತರ ಒಂದು ಚೀಟೀಲಿ ಬರೆದಿಡಕ್ಕೆ ಆಗತ್ತಾ" ಅಂತ. ನಾನು ಆಫೀಸಿಂದ ಬರೋದೇ ಹತ್ತು ಗಂಟೆ ಮೇಲೆ. ಬರೆದಿಡೋದು ಆಗಲ್ಲ, ಆದ್ರೆ ಕಂಪ್ಯೂಟರ್ ಹತ್ರ ಹಿಡಿಸಿಡಬಹುದಲ್ವಾ ಅನ್ನಿಸ್ತು.

ಆ ಶನಿವಾರವೇ ಎಸ್‌ಪಿ ರೋಡಿಗೆ ಹೋಗಿ ಟಿವಿ ಟ್ಯೂನರ್ ಕಾರ್ಡ್ ತಂದೆ. ಆಗಿನ ಕಾಲದಲ್ಲಿ ಅದು ಅಲ್ಲಿ ಎಲ್ಲ ಅಂಗಡೀಲೂ ಸಿಗೋದು, ಫಿಲಿಪ್ಸ್ ಚಿಪ್ಪಿಂದು, ಹಿಂದೆ ಕೇಬಲ್ ಟಿವಿ ವೈರು ಸಿಕ್ಕಿಸೋ ತೂತು, ಜೊತೆಗೊಂದು ರಿಮೋಟು. ಮನೇಲಿದ್ದಿದ್ದು ಪೆಂಟಿಯಂ 4, 512 ಎಂಬಿ ರ‍್ಯಾಮ್, 80 ಜಿಬಿ ಹಾರ್ಡ್ ಡಿಸ್ಕು. 80 ಜಿಬಿ ಅಂದ್ರೆ ಆಗ ತುಂಬಾ ದೊಡ್ಡದು ಅನ್ಕೊಂಡಿದ್ದೆ. ಮೊದಲ ದಿನ ಏನೂ ಗೊತ್ತಿಲ್ದೆ ಕಂಪ್ರೆಸ್ ಮಾಡದೆ ರೆಕಾರ್ಡಿಗೆ ಹಾಕ್ದೆ. ಲೆಕ್ಕ ಹಾಕಿ ನೋಡಿ, ನಮ್ಮ ದೇಶದ ಟಿವಿ ಪದ್ಧತಿ ಪ್ಯಾಲ್, ಅದ್ರ ಚಿತ್ರ 720 ಚುಕ್ಕಿ ಅಡ್ಡ 576 ಉದ್ದ, ಸೆಕೆಂಡಿಗೆ 25 ಫ್ರೇಮು, ಒಂದೊಂದು ಚುಕ್ಕಿಗೆ ಎರಡು ಬೈಟು, ಸೆಕೆಂಡಿಗೇ 20 ಎಂಬಿ ದಾಟತ್ತೆ, ಒಂದು ಗಂಟೆಗೆ ಸುಮಾರು 75 ಜಿಬಿ. ಅಂದ್ರೆ ಇಡೀ ಡಿಸ್ಕು ಒಂದು ಗಂಟೇಲಿ ಭರ್ತಿ. ಡಿಸ್ಕು ಅಷ್ಟು ಸ್ಪೀಡಲ್ಲಿ ಬರೆಯೋಕೂ ಆಗ್ದೆ ಚಿತ್ರ ತಡವರಿಸ್ತಾ ಬಂದಿತ್ತು.

ಹಾಗಾಗಿ ಎಂಪೆಗ್-2 ಅನ್ನೋ ವಿಡಿಯೋ ರೂಪಕ್ಕೆ ಕುಗ್ಗಿಸ್ಬೇಕು. ನನ್ನ ಕಾರ್ಡಲ್ಲಿ ಕುಗ್ಗಿಸೋ ಚಿಪ್ಪು ಇರ್ಲಿಲ್ಲ, ಆ ಕೆಲಸ ಎಲ್ಲ ಪ್ರೊಸೆಸರ್ರೇ ಮಾಡ್ಬೇಕು, ಅದು ನೂರಕ್ಕೆ ನೂರು ಓಡ್ತಾ ಫ್ಯಾನು ಮಿಕ್ಸಿ ತರ ಕೂಗೋದು. ಹೌಪಾಜ್ ಕಂಪನಿಯ ಪಿವಿಆರ್-150 ತರದ ಕಾರ್ಡಲ್ಲಿ ಆ ಚಿಪ್ಪು ಕಾರ್ಡಿನ ಮೇಲೇ ಇರೋದು, ಅದ್ಕೇ ಅದ್ರ ಬೆಲೆ ಜಾಸ್ತಿ, ಅದ್ಕೇ ಟಿವಿ ರೆಕಾರ್ಡ್ ಮಾಡೋ ಮಂದಿ ಅದನ್ನ ಅಷ್ಟು ಇಷ್ಟ ಪಡ್ತಿದ್ರು. ನಾನು ಒಂದು ವರ್ಷ ದುಡ್ಡು ಕೂಡಿಸಿ ಆಮೇಲೆ ಅದನ್ನೇ ತಗೊಂಡೆ. ಸೆಕೆಂಡಿಗೆ 4 ಮೆಗಾಬಿಟ್ ಇಟ್ರೆ ಅರ್ಧ ಗಂಟೆಗೆ 900 ಎಂಬಿ, ಒಂದು ಡಿವಿಡಿಗೆ ಸರಿಯಾಗಿ ಐದು ಎಪಿಸೋಡು. ಐದು ದಿನದ್ದು ಒಂದು ಡಿವಿಡಿ, ತಿಂಗಳಿಗೆ ನಾಲ್ಕು. ರಾತ್ರಿ ಬಸ್ಸಲ್ಲಿ ಊರಿಗೆ ಹೋಗ್ವಾಗ ಬ್ಯಾಗಲ್ಲಿ ಆ ನಾಲ್ಕು ಡಿವಿಡಿ ಇರ್ಲೇಬೇಕು. ಅಪ್ಪ ಬೆಳಿಗ್ಗೆ ಗೇಟ್ ಹತ್ರ ನಿಂತು ನನ್ನ ಮುಖಕ್ಕಿಂತ ಮುಂಚೆ ಬ್ಯಾಗ್ ನೋಡ್ತಿದ್ರು.

ಮೊದಲನೇ ಕಾರ್ಡಿನ ಜೊತೆ ಪಟ್ಟ ಕಷ್ಟ ನೆನೆದ್ರೆ ಈಗ್ಲೂ ಮೈ ಬಿಸಿ ಆಗತ್ತೆ. ಧ್ವನಿ ಆ ಕಾರ್ಡಿಂದ ಒಂದು ಸಣ್ಣ ವೈರಲ್ಲಿ ಸೌಂಡ್ ಕಾರ್ಡಿನ ಲೈನ್-ಇನ್‌ಗೆ ಬರೋದು. ಚಿತ್ರಕ್ಕೊಂದು ಗಡಿಯಾರ, ಧ್ವನಿಗೊಂದು ಗಡಿಯಾರ, ಎರಡೂ ಕೂದಲೆಳೆಯಷ್ಟು ಬೇರೆ ಓಡ್ತವೆ, ಐದು ನಿಮಿಷಕ್ಕೆ ಗೊತ್ತಾಗಲ್ಲ, ಅರ್ಧ ಗಂಟೆ ಆಗೋ ಹೊತ್ತಿಗೆ ತುಟಿ ಮೊದಲು ಅಲ್ಲಾಡಿ ಮಾತು ಆಮೇಲೆ ಬರೋದು. ಫ್ಯಾಟ್32 ಡಿಸ್ಕಲ್ಲಿ ಒಂದು ಫೈಲು 4 ಜಿಬಿ ದಾಟಲ್ಲ ಅಂತ ಗೊತ್ತಿಲ್ದೆ ಇಡೀ ರಾತ್ರಿ ಯಕ್ಷಗಾನ ಹಿಡಿಯೋಕೆ ಹಾಕಿದ್ದು ಅರ್ಧಕ್ಕೇ ನಿಂತಿತ್ತು. ಪಕ್ಕದ ಮನೆಯವ್ರು ಚಟ್ನಿ ರುಬ್ಬಿದ್ರೆ ಚಿತ್ರದಲ್ಲಿ ಗೆರೆ. ಮಾನಿಟರಲ್ಲಿ ನೋಡಿದ್ರೆ ಯಾರಾದ್ರೂ ಕೈ ಬೀಸಿದ ತಕ್ಷಣ ಕೈ ಅಂಚಲ್ಲಿ ಬಾಚಣಿಗೆ ಹಲ್ಲು ಮೂಡೋದು, ಯಾಕಂದ್ರೆ ಟಿವಿ ಚಿತ್ರ ಒಂದೇ ಸಲ ಪೂರ್ತಿ ಬರಲ್ಲ, ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಒಮ್ಮೆ, ಹೀಗೆ ಸೆಕೆಂಡಿಗೆ 50 ಸಲ ಅರ್ಧರ್ಧ ಬರೋದು, ಹಳೇ ಪಿಕ್ಚರ್ ಟ್ಯೂಬ್ ಟಿವಿಗೆ ಅದೇ ಸರಿ, ಕಂಪ್ಯೂಟರ್ ಎರಡನ್ನೂ ಸೇರಿಸಿ ಒಂದೇ ಚಿತ್ರ ಮಾಡಿದಾಗ ಹಲ್ಲು ಕಾಣತ್ತೆ. ಇದಕ್ಕೆಲ್ಲ ಒಂದೊಂದೇ ಮದ್ದು ಹುಡುಕಿದ್ದು ರಾತ್ರಿ ಹನ್ನೆರಡರ ಮೇಲೆ. ಅದ್ರಲ್ಲಿ ಒಂದು ಸುಖ ಇತ್ತು, ನಿಜವಾಗ್ಲೂ ಇತ್ತು.

ಆಮೇಲೆ ಲಿನಕ್ಸಿಗೆ ಬಂದೆ, ಮಿತ್‌ಟಿವಿ ಹಾಕ್ದೆ. ಐಸಾಕ್ ರಿಚರ್ಡ್ಸ್ ಅನ್ನೋರು 2002ರಲ್ಲಿ ಶುರು ಮಾಡಿದ, ಟಿವಿ ರೆಕಾರ್ಡ್ ಮಾಡೋ ಸಾಫ್ಟ್‌ವೇರು, ಪುಕ್ಕಟೆ. ಅದ್ರಲ್ಲಿ ನಂಗೆ ಬಹಳ ಹಿಡಿಸಿದ್ದು ಅಂದ್ರೆ ರೆಕಾರ್ಡಿಂಗ್ ಮುಗಿದ್ಮೇಲೆ ಕಂಪ್ಯೂಟರ್ ತಾನೇ ಆಫ್ ಆಗಿ, ಮುಂದಿನ ರೆಕಾರ್ಡಿಂಗಿಗೆ ಹತ್ತು ನಿಮಿಷ ಮುಂಚೆ ಮದರ್‌ಬೋರ್ಡಿನ ಅಲಾರಂ ಇಟ್ಕೊಂಡು ತಾನೇ ಏಳೋ ಹಾಗೆ ಮಾಡ್ಬಹುದಿತ್ತು. ನಾನು ಆಫೀಸಲ್ಲಿ ಕೂತಿರುವಾಗ ಬಾಗಿಲು ಹಾಕಿದ ಮನೇಲಿ ಒಂದು ಯಂತ್ರ ಎದ್ದು ಅಪ್ಪಂಗೋಸ್ಕರ ಕೆಲಸ ಮಾಡ್ತಿದೆ ಅಂತ ನೆನೆಸ್ಕೊಂಡ್ರೆ ಆ ದಿನ ಎಷ್ಟೇ ಬೇಜಾರಿರ್ಲಿ ಸ್ವಲ್ಪ ಹಗುರ ಆಗೋದು.

ಅಮೆರಿಕದಲ್ಲಿದ್ದ ನಮ್ಮತ್ತೆ ಮಗ ಆಗ ವಿಂಡೋಸ್ ಮೀಡಿಯಾ ಸೆಂಟರ್ ಇಟ್ಕೊಂಡಿದ್ದ. ಅಲ್ಲಿ ಮುಂದಿನ ಎರಡು ವಾರದ ಕಾರ್ಯಕ್ರಮ ಪಟ್ಟಿ ತಾನೇ ಬರೋದು, ಹೆಸರು ಒತ್ತಿದ್ರೆ ಇಡೀ ಸೀರಿಯಲ್ ರೆಕಾರ್ಡ್ ಆಗೋದು. ನಮ್ಮ ಕೇಬಲ್ಲಿಗೆ ಅಂಥ ಪಟ್ಟಿ ಇರ್ಲಿಲ್ಲ. ಪೇಪರ್ ನೋಡಿ ಟೈಮ್ ಹಾಕೋದು. ಅದೂ ಸಾಲದು ಅಂತ ಕೇಬಲ್‌ನವರು ಹೇಳ್ದೆ ಕೇಳ್ದೆ ಚಾನೆಲ್ಲುಗಳನ್ನ ಆ ಕಡೆ ಈ ಕಡೆ ಸರಿಸೋರು, ಒಂದು ವಾರ ಪೂರ್ತಿ ಕ್ವಿಜ್ ಬದಲು ಬೇರೆ ಭಾಷೆಯ ಚಾನೆಲ್ಲಿನ ಅಡುಗೆ ಕಾರ್ಯಕ್ರಮ ರೆಕಾರ್ಡ್ ಆಗಿತ್ತು. ಆ ತಿಂಗಳು ಅಪ್ಪಂಗೆ ಮೂರೇ ಡಿವಿಡಿ. ಅವ್ರು ಏನೂ ಅನ್ಲಿಲ್ಲ, ಆದ್ರೆ ನಾಲ್ಕನೇದು ಎಲ್ಲಿ ಅಂತ ಬ್ಯಾಗಿನ ಕಡೆ ಇನ್ನೊಂದ್ಸಲ ನೋಡಿದ್ದು ನಂಗೆ ಮರೆತಿಲ್ಲ.

ಈಗ ದೊಡ್ಡಪ್ಪನ ವಿಷಯ.

ನಮ್ಮ ದೊಡ್ಡಪ್ಪ ಭಾಗವತರು, ಅಂದ್ರೆ ಯಕ್ಷಗಾನದ ಪದ್ಯ ಹಾಡೋರು. ಮೇಳದ ತಿರುಗಾಟ ಮಾಡಿದವ್ರಲ್ಲ, ಅಡಿಕೆ ತೋಟ ನೋಡ್ಕೊಂಡು, ಮಳೆಗಾಲದಲ್ಲಿ ಊರೂರ ತಾಳಮದ್ದಳೇಲಿ ಹಾಡ್ತಿದ್ದವ್ರು. 2008ರಲ್ಲಿ ಅವ್ರ ತಂಡಕ್ಕೆ ಬೆಂಗಳೂರು ದೂರದರ್ಶನದಿಂದ ಕರೆ ಬಂತು. ಜೆ.ಸಿ. ನಗರದ ಸ್ಟುಡಿಯೋಗೆ ಮದ್ದಳೆ ಚಂಡೆ ಸಮೇತ ಆಟೋದಲ್ಲಿ ಕರ್ಕೊಂಡು ಹೋಗಿದ್ದು ನಾನೇ. ಪ್ರಸಾರ ಆಗೋ ದಿನ ಯಂತ್ರವನ್ನ ಮೂರು ಸಲ ಪರೀಕ್ಷೆ ಮಾಡ್ದೆ, ಡಿಸ್ಕಲ್ಲಿ ಜಾಗ ಇದೆಯಾ, ಚಾನೆಲ್ ಸರಿದಿಲ್ವಾ, ಯುಪಿಎಸ್ ಚಾರ್ಜ್ ಇದೆಯಾ. ರಜೆ ಹಾಕಿ ಮನೇಲೇ ಕೂತೆ. 47 ನಿಮಿಷ ಪೂರ್ತಿ ಬಂತು. ಚಿತ್ರದ ಮೇಲೆ ಕೇಬಲ್ಲಿನ ನೆರಳು ಇದೆ, ಎಡಗಡೆ ಸ್ವಲ್ಪ ಜುಂಯ್ ಅನ್ನೋ ಸದ್ದೂ ಇದೆ, ಆದ್ರೆ ದೊಡ್ಡಪ್ಪ ಪದ್ಯ ಎತ್ತೋ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚಿ ಜಾಗಟೆ ಮೇಲೆ ಕೈ ಇಡ್ತಿದ್ರಲ್ಲ, ಅದು ಹಾಗೇ ಇದೆ. 1.4 ಜಿಬಿ.

2013ರ ಮಾರ್ಚ್ 31ಕ್ಕೆ ಕೇಬಲ್ ಟಿವಿ ಡಿಜಿಟಲೀಕರಣದ ಎರಡನೇ ಹಂತದ ಗಡುವು ಬಂತು, 38 ಊರುಗಳ ಪಟ್ಟೀಲಿ ಬೆಂಗಳೂರು ಮೈಸೂರು ಎರಡೂ ಇದ್ವು. ಅನಲಾಗ್ ಕೇಬಲ್ ನಿಂತ್ಹೋಯ್ತು. ಗೋಡೆಯಿಂದ ಬರೋ ವೈರಲ್ಲಿ ಈಗ ಬೀಗ ಹಾಕಿದ ಡಿಜಿಟಲ್ ಸಿಗ್ನಲ್ಲು, ಅದನ್ನ ಬಿಡಿಸೋದು ಅವ್ರು ಕೊಟ್ಟ ಸೆಟ್‌ಟಾಪ್ ಬಾಕ್ಸ್ ಮಾತ್ರ. ನನ್ನ ಕಾರ್ಡಿನ ಟ್ಯೂನರ್ರು ಒಂದೇ ದಿನದಲ್ಲಿ ಕೆಲಸಕ್ಕೆ ಬಾರದ ಹಾಗಾಯ್ತು. ಬಾಕ್ಸಿನ ಹಳದಿ ಕೆಂಪು ಬಿಳಿ ವೈರನ್ನ ಕಾರ್ಡಿಗೆ ಕೊಟ್ಟು, ಚಾನೆಲ್ ಬದಲಿಸೋಕೆ ಬಾಕ್ಸಿನ ಮೂತಿಗೆ ಒಂದು ಇನ್‌ಫ್ರಾರೆಡ್ ಎಲ್‌ಇಡಿ ಅಂಟಿಸಿ ಕೆಲವು ತಿಂಗಳು ನಡೆಸ್ದೆ. ಐದರಲ್ಲಿ ಒಂದು ದಿನ ಎಲ್‌ಇಡಿ ಕೊಟ್ಟ ಸಂಖ್ಯೆ ಬಾಕ್ಸಿಗೆ ಮುಟ್ತಿರ್ಲಿಲ್ಲ. ಕೊನೆಗೆ ಸಾಕು ಅನ್ನಿಸ್ತು, ಎಲ್ರೂ ಹೇಳ್ದಾಗೆ ರೆಕಾರ್ಡ್ ಮಾಡೋ ಬಾಕ್ಸೇ ತಗೊಂಡ್ವಿ, ಊರಲ್ಲಿ ದೊಡ್ಡಪ್ಪನ ಮನೇಲೂ ಅದೇ ಹಾಕಿಸಿದ್ವಿ. ಬಳಸೋಕೆ ಬಹಳ ಸಲೀಸು, ಕೆಂಪು ಬಟನ್ ಒತ್ತಿದ್ರೆ ಆಯ್ತು.

2014ರಲ್ಲಿ ದೊಡ್ಡಪ್ಪನದ್ದು ಇನ್ನೊಂದು ಕಾರ್ಯಕ್ರಮ ಬಂತು, ಅವ್ರ ಮಗ ಆ ಬಾಕ್ಸಲ್ಲೇ ಹಿಡಿದಿಟ್ಟ. ಮನೆಗೆ ಬಂದೋರಿಗೆಲ್ಲ ಹಾಕಿ ತೋರಿಸ್ತಿದ್ರು. ಮುಂದಿನ ವರ್ಷ ಬಾಕ್ಸು ಕೆಟ್ಟಿತು. ಕಂಪನಿಯವ್ರು ಬಂದು ಹೊಸದು ಕೊಟ್ರು, ಹಳೇ ಡಿಸ್ಕನ್ನ ಹೊಸ ಬಾಕ್ಸಿಗೆ ಹಾಕಿದ್ರೆ ಅದು ಫಾರ್ಮ್ಯಾಟ್ ಮಾಡ್ಲಾ ಅಂತ ಮಾತ್ರ ಕೇಳ್ತು. ನಾನು ಡಿಸ್ಕನ್ನ ಬೆಂಗಳೂರಿಗೆ ತಂದು ಲಿನಕ್ಸಿಗೆ ಹಾಕಿ ನೋಡ್ದೆ, ಫೈಲುಗಳು ಕಾಣ್ತವೆ, ಸೈಜು ಕಾಣತ್ತೆ, ಒಳಗಿರೋದು ಬರೀ ಗೋಜಲು. ಅಂಥ ಬಾಕ್ಸುಗಳು ರೆಕಾರ್ಡ್ ಮಾಡ್ವಾಗ್ಲೇ ಬೀಗ ಹಾಕಿ ಇಡ್ತವೆ, ಬೀಗದ ಕೈ ಆ ಒಂದು ಬಾಕ್ಸಿಗೇ ಅಂಟಿರತ್ತೆ, ಬಾಕ್ಸ್ ಸತ್ರೆ ಕೀಲಿಯೂ ಸತ್ತ ಹಾಗೆ. ಮೂರು ಸಲ ಕಸ್ಟಮರ್ ಕೇರಿಗೆ ಫೋನ್ ಮಾಡ್ದೆ, ಏನೂ ಮಾಡಕ್ಕಾಗಲ್ಲ ಸರ್ ಅಂದ್ರು. ದೊಡ್ಡಪ್ಪ "ಹೋಗ್ಲಿ ಬಿಡು" ಅಂದ್ರು. 2016ರಲ್ಲಿ ದೊಡ್ಡಪ್ಪ ತೀರ್ಕೊಂಡ್ರು. ಅವ್ರು ಕೂತು ಹಾಡಿದ್ದು ಕಣ್ಣಿಗೆ ಕಾಣೋ ಹಾಗೆ ನಮ್ಮ ಹತ್ರ ಉಳಿದಿರೋದು 2008ರ ಆ ನೆರಳು ನೆರಳಾದ 47 ನಿಮಿಷ ಮಾತ್ರ, ಅದು ಉಳಿದಿದ್ದು ಯಾಕಂದ್ರೆ ಅದು ಬೀಗ ಇಲ್ಲದ ಒಂದು ಸಾದಾ ಫೈಲು, 80 ಜಿಬಿಯಿಂದ 250ಕ್ಕೆ, ಅಲ್ಲಿಂದ 1 ಟಿಬಿಗೆ, ಅಲ್ಲಿಂದ 4 ಟಿಬಿಗೆ ಕಾಪಿ ಮಾಡ್ಕೊಂಡು ಬಂದೆ.

ಚೆನ್ನಾಗಿರೋ ಬಾಕ್ಸು ಬಿಟ್ಟು ಯಾಕೆ ಇಷ್ಟು ಒದ್ದಾಡ್ತೀಯ ಅಂತ ಕೇಳೋರಿಗೆ ನಾನು ಹೇಳೋದು ಇಷ್ಟೇ. ಟಿವಿ ಚಾನೆಲ್ಲಿನವ್ರು ತಮ್ಮದನ್ನ ತಾವು ಕಾಪಾಡ್ಕೋತಾರೆ ಅನ್ನೋ ನಂಬಿಕೆ ಮೇಲೆ ಕೂರೋಕಾಗಲ್ಲ. ಬ್ರಿಟನ್ನಿನ ಬಿಬಿಸಿ 1960-70ರ ದಶಕದಲ್ಲಿ ಟೇಪು ಮತ್ತೆ ಬಳಸೋಕೆ ಅಂತ ಎಷ್ಟೋ ಕಾರ್ಯಕ್ರಮ ಅಳಿಸಿಬಿಡ್ತು, 'ಡಾಕ್ಟರ್ ಹೂ' ಸರಣಿಯ ಕಳೆದುಹೋದ ಕಂತುಗಳ ಧ್ವನಿಯಾದ್ರೂ ಇವತ್ತು ಇದೆ ಅಂದ್ರೆ ಮನೇಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಹುಡುಗರಿಂದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮರಿಯನ್ ಸ್ಟೋಕ್ಸ್ ಅನ್ನೋ ಮಹಿಳೆ 1970ರ ದಶಕದ ಕೊನೆಯಿಂದ 2012ರಲ್ಲಿ ಸಾಯೋವರೆಗೂ ಹಗಲೂ ರಾತ್ರಿ ಸುದ್ದಿ ಚಾನೆಲ್ಲುಗಳನ್ನ ವಿಡಿಯೋ ಟೇಪಲ್ಲಿ ಹಿಡಿದ್ರು, ಹತ್ತಾರು ಸಾವಿರ ಟೇಪು, ಅದೆಲ್ಲ ಆಮೇಲೆ ಇಂಟರ್ನೆಟ್ ಆರ್ಕೈವ್‌ಗೆ ಹೋಯ್ತು. ನಾನು ಅಷ್ಟು ದೊಡ್ಡ ಕೆಲಸ ಮಾಡ್ತಿಲ್ಲ, ನಮ್ಮನೆಯವ್ರದ್ದು, ನಮ್ಮೂರ ಕಡೆಯೋರದ್ದು ಇದ್ರೆ ಸಾಕು.

ಇದು ಕಾನೂನಿಗೆ ಸರಿನಾ ಅಂತ ಅಪ್ಪಾನೂ ಒಮ್ಮೆ ಕೇಳಿದ್ರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಸೆಕ್ಷನ್ನಲ್ಲಿ, ಪ್ರಸಾರ ಆಗಿದ್ದನ್ನ ಸ್ವಂತ ಖಾಸಗಿ ಬಳಕೆಗೆ ರೆಕಾರ್ಡ್ ಮಾಡ್ಕೊಂಡ್ರೆ ಅದು ಪ್ರಸಾರ ಮಾಡಿದವ್ರ ಹಕ್ಕಿನ ಉಲ್ಲಂಘನೆ ಅಲ್ಲ ಅಂತಿದೆ. ಅಮೆರಿಕದಲ್ಲಿ ಇದೇ ತರದ ಪ್ರಶ್ನೆ 1984ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಸೋನಿಯ ಬೀಟಾಮ್ಯಾಕ್ಸ್ ಕೇಸು, 5-4ರಲ್ಲಿ ಮನೇಲಿ ರೆಕಾರ್ಡ್ ಮಾಡ್ಕೊಂಡು ಆಮೇಲೆ ನೋಡೋದು ತಪ್ಪಲ್ಲ ಅಂತ ತೀರ್ಪು ಬಂತು. ಹಾಗಂತ ಎಲ್ಲ ಕಡೆ ಹಂಚೋ ಹಾಗಿಲ್ಲ, ನಾನು ಹಂಚಿಲ್ಲ, ದೊಡ್ಡಪ್ಪನ ಫೈಲು ಕೂಡ ಮನೆಯೊಳಗೇ ಇದೆ.

ದೊಡ್ಡಪ್ಪ ಹೋದ್ಮೇಲೆ ನಾನು ಊರಿನ ಮನೇಲಿ ಹೊಸದಾಗಿ ಕಟ್ಟಿದೆ, ಈ ಸಲ ದೂರದರ್ಶನದ ಪುಕ್ಕಟೆ ಡಿಶ್ ಸೇವೆ ಡಿಡಿ ಫ್ರೀ ಡಿಶ್ ಮೇಲೆ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಗಿದ್ದು ಇದೇ. ತಿಂಗಳ ಬಾಡಿಗೆ ಇಲ್ಲ, ಚಂದನ ಅದ್ರಲ್ಲಿ ಬೀಗ ಇಲ್ದೆ ಬರತ್ತೆ, ಅಂದ್ರೆ ಯಾವ ಡಿಶ್ ಟ್ಯೂನರ್ ಇದ್ರೂ ಕಂಪ್ಯೂಟರಿಗೆ ನೇರ ಇಳಿಸ್ಕೋಬಹುದು. ಇದು ಹಳೇ ಅನಲಾಗ್ ತರ ಅಲ್ಲವೇ ಅಲ್ಲ. ಉಪಗ್ರಹದಿಂದ ಬರೋದೇ ಕುಗ್ಗಿಸಿದ ಡಿಜಿಟಲ್ ಚಿತ್ರ, ಕಂಪ್ಯೂಟರ್ ಏನೂ ಕುಗ್ಗಿಸೋ ಹಾಗಿಲ್ಲ, ಬಂದಿದ್ದನ್ನ ಬಂದ ಹಾಗೆ ಡಿಸ್ಕಿಗೆ ಸುರಿಯೋದಷ್ಟೇ ಕೆಲಸ. ಅಂಗೈ ಅಗಲದ ಕಂಪ್ಯೂಟರಿಗೆ ಅದು ಲೆಕ್ಕಕ್ಕೇ ಇಲ್ಲ, ಫ್ಯಾನೂ ಬೇಡ. ಇನ್ನೊಂದು ಚೆಂದ ಏನಂದ್ರೆ ಒಂದೊಂದು ಟ್ರಾನ್ಸ್‌ಪಾಂಡರಲ್ಲಿ, ಅಂದ್ರೆ ಉಪಗ್ರಹದಿಂದ ಸಿಗ್ನಲ್ ಕಳಿಸೋ ಒಂದೊಂದು ದಾರೀಲಿ, ಹತ್ತಾರು ಚಾನೆಲ್ಲು ಒಟ್ಟಿಗೆ ಬರತ್ತೆ, ಒಂದೇ ಟ್ಯೂನರ್ ಇದ್ರೂ ಅದೇ ಟ್ರಾನ್ಸ್‌ಪಾಂಡರಿನ ಎರಡು ಮೂರು ಚಾನೆಲ್ ಏಕಕಾಲಕ್ಕೆ ಹಿಡೀಬಹುದು, ಹಾಗಾಗಿ ಅಪ್ಪನ ಕ್ವಿಜ್ಜೂ ಇನ್ಯಾವ್ದೋ ಚಾನೆಲ್ಲಿನ ಸಂಗೀತ ಕಛೇರಿಯೂ ಒಂದೇ ಹೊತ್ತಿಗೆ ಬಂದ್ರೂ ಕೆಲವು ಸಲ ಎರಡೂ ಸಿಗತ್ತೆ. ಇದನ್ನೆಲ್ಲ ನೋಡ್ಕೊಳೋದು ಟಿವಿಹೆಡ್ಎಂಡ್ ಅನ್ನೋ ಸಾಫ್ಟ್‌ವೇರು. ಟಿವಿ ಮೇಲೆ ತೋರಿಸೋಕೆ ಕೋಡಿ, ಮೊದಲು ಎಕ್ಸ್‌ಬಿಎಂಸಿ ಅಂತಿದ್ದು 2014ರಲ್ಲಿ ಹೆಸರು ಬದಲಾಗಿದ್ದು. ಅಕ್ಷರ ದೊಡ್ಡದು ಮಾಡಿ ಕನ್ನಡಕ್ಕೆ ಹಾಕಿ ಕೊಟ್ಟಿದೀನಿ, ಅಪ್ಪ ನಾಲ್ಕು ಬಟನ್ನಲ್ಲಿ ಎಲ್ಲ ಮಾಡ್ಕೋತಾರೆ. ಅರ್ಧ ಗಂಟೆಗೆ ಹೆಚ್ಚುಕಡಿಮೆ 600 ಎಂಬಿ ಆಗತ್ತೆ. ಕಾರ್ಯಕ್ರಮ ಹೇಳಿದ ಟೈಮಿಗೆ ಸರಿಯಾಗಿ ಶುರುವಾಗಲ್ಲ, ಅದ್ಕೆ ಮುಂಚೆ 5 ನಿಮಿಷ ಆಮೇಲೆ 10 ನಿಮಿಷ ಸೇರಿಸಿ ಇಟ್ಟಿದೀನಿ, ಇದನ್ನ ಮಾತ್ರ ಯಾರೂ ಮರೀಬೇಡಿ, ಕೊನೇ ಪ್ರಶ್ನೆ ತಪ್ಪಿಹೋದ್ರೆ ಮನೆಯಲ್ಲಿ ಹಿರಿಯರ ಮುಖ ನೋಡಕ್ಕಾಗಲ್ಲ.

ಯೂಟ್ಯೂಬಲ್ಲಿ ಎಲ್ಲ ಬರತ್ತಲ್ಲ ಅಂತೀರಾ, ಬರತ್ತೆ, ಚಂದನದ್ದೂ ಬಹಳ ಇದೆ, ಸಂತೋಷ. ನಮ್ಮೂರಲ್ಲಿ ಮಳೆಗಾಲಕ್ಕೆ ನೆಟ್ಟು ಹೋದ್ರೆ ವಾರಗಟ್ಲೆ ಇಲ್ಲ.

ಮಳೆ ಅಂದ್ರೆ, ಮಲೆನಾಡಲ್ಲಿ ಡಿಶ್ ಇಟ್ಕೊಂಡೋರಿಗೆ ಜೂನಿಂದ ಸೆಪ್ಟೆಂಬರ್ ಬೇರೆಯದೇ ಲೋಕ. ಈ ಡಿಶ್ಶುಗಳು ಕೆಯು ಬ್ಯಾಂಡು, ಆ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು, ದಪ್ಪ ಮಳೆಹನಿ ಅದನ್ನ ನುಂಗಿಬಿಡತ್ತೆ. ಚಿತ್ರ ಮೊದಲು ಚೌಕ ಚೌಕ ಆಗತ್ತೆ, ಆಮೇಲೆ ನಿಲ್ಲತ್ತೆ. ಮೊದಲಿದ್ದ 60 ಸೆಂಟಿಮೀಟರ್ ಡಿಶ್ ತೆಗೆದು 90ರದ್ದು ಹಾಕಿದ್ಮೇಲೆ ಸಾಧಾರಣ ಮಳೆಗೆ ತಡ್ಕೊಳತ್ತೆ, ಜಡಿಮಳೆಗೆ ಅದೂ ಸೋಲತ್ತೆ. ಬೆಳಿಗ್ಗೆ ಲಾಗ್ ನೋಡಿದ್ರೆ ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಎಷ್ಟು ಜೋರು ಮಳೆ ಬಂತು ಅಂತ ಎರರ್ ಲೆಕ್ಕದಲ್ಲೇ ಹೇಳ್ಬಹುದು.

ಮಳೆಗಿಂತ ಭಯ ಸಿಡಿಲಿನದ್ದು. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಶುರುವಾಯ್ತು ಅಂದ್ರೆ ನಮ್ಮ ಕಡೆ ಎಲ್ಲ ಮನೇಲೂ ಪ್ಲಗ್ಗು ಕಿತ್ತಿಡ್ತಾರೆ. ಅಮ್ಮ ಅದ್ರಲ್ಲಿ ಬಹಳ ಕಟ್ಟುನಿಟ್ಟು. ಒಂದು ವರ್ಷ ಅವ್ರು ನೆಂಟರ ಮನೆಗೆ ಹೋಗಿದ್ದಾಗ ಯಾರೂ ತೆಗೀಲಿಲ್ಲ, ತೋಟದ ತೆಂಗಿನ ಮರಕ್ಕೆ ಹೊಡೀತು, ಡಿಶ್ಶಿನ ವೈರಲ್ಲಿ ಹಾದು ಬಂದು ಟ್ಯೂನರ್, ಪೈ, ಟಿವಿಯ ಎಚ್‌ಡಿಎಂಐ ಮೂರೂ ಹೋಯ್ತು. ಡಿಸ್ಕ್ ಮಾತ್ರ ಹೇಗೋ ಬದುಕ್ತು. ಆವತ್ತಿಂದ ಡಿಶ್ಶಿಗೆ ಅರ್ಥಿಂಗ್ ಕೊಟ್ಟಿದೀನಿ, ವೈರು ಗೋಡೆ ಹತ್ರ ಸುಲಭಕ್ಕೆ ಕೈಲಿ ತಿರುಗಿಸಿ ಬಿಚ್ಚೋ ಹಾಗೆ ಜಾಯಿಂಟ್ ಮಾಡಿದೀನಿ, ಡಬ್ಬಿ ಓಡೋದು ಇನ್ವರ್ಟರ್ ಬ್ಯಾಟರಿ ಮೇಲೆ. ಆದ್ರೂ ಗುಡುಗು ಬಂದ್ರೆ ಬಿಚ್ಚಲೇಬೇಕು, ರೆಕಾರ್ಡಿಂಗ್ ಹೋದ್ರೆ ಹೋಗ್ಲಿ. ಅಪ್ಪ ಇನ್ನೊಂದು ಪ್ರಶ್ನೆ ಆಗ್ಲಿ ಅಂತಾರೆ, ಅಮ್ಮ ಅಷ್ಟೊತ್ತಿಗೆ ವೈರಿನ ಹತ್ರ ನಿಂತಿರ್ತಾರೆ.

ಬರೋ ಶನಿವಾರ ಊರಿಗೆ ಹೋಗ್ತಿದೀನಿ. ದೊಡ್ಡಪ್ಪನ ಮೊಮ್ಮಗಳು ಈಗ ಭಾಗವತಿಕೆ ಕಲೀತಿದಾಳೆ, ಹತ್ತನೇ ಕ್ಲಾಸು. ಅಜ್ಜ ಒಂದು ಪದ್ಯದ ಕೊನೆಗೆ ತಾಳ ಹೇಗೆ ಬಿಡ್ತಿದ್ರು ಅಂತ ಅವಳ ಗುರುಗಳು ಕೇಳಿದ್ರಂತೆ, "ಚಿಕ್ಕಪ್ಪ ಆ ಫೈಲು ಪೆನ್‌ಡ್ರೈವಿಗೆ ಹಾಕ್ಕೊಂಡ್ ಬಾ" ಅಂತ ಮೆಸೇಜ್ ಮಾಡಿದಾಳೆ. ಹಾಕಿದೀನಿ, ಎರಡು ಪೆನ್‌ಡ್ರೈವಿಗೆ. ಹಲ್ಲು ಹಲ್ಲಾಗಿ ಕಾಣೋದನ್ನ ಸರಿ ಮಾಡಿ ಒಂದು ಕಾಪಿ, ಮುಟ್ಟದೆ ಬಿಟ್ಟ ಮೂಲ ಫೈಲು ಒಂದು. ಅವಳು ಕೇಳಿದ ಜಾಗ 31ನೇ ನಿಮಿಷದಲ್ಲಿ ಬರತ್ತೆ.